ಮ್ಯಾಪ್ ಎಷ್ಟು ದೊಡ್ಡದು ಅಂತ ಕೇಳಬೇಡಿ

ಒಂದು ಭಾನುವಾರ ಜಡಿಮಳೆ ಹಿಡಿದುಕೊಂಡಿತ್ತು. ಕರೆಂಟ್ ಬೇರೆ ಹೋಗಿತ್ತು. ಮಾಡೋಕೆ ಏನೂ ಇಲ್ಲದೆ ಪೆನ್ನು ಕಾಗದ ತಗೊಂಡು, ಆಡಿ ಮುಗಿಸಿದ ಗೇಮ್‌ಗಳ ಊರುಗಳ ನಕ್ಷೆಯನ್ನು ನೆನಪಿನಿಂದ ಬರೆಯೋಕೆ ಶುರು ಮಾಡಿದೆ. ಮೊದಲು ಬಂದದ್ದು ಟೋಕಿಯೊದಲ್ಲಿ ನಡೆಯೋ ಪರ್ಸೋನಾ 5 ಗೇಮ್‌ನ ಯೊಂಗೆನ್-ಜಾಯ ಅನ್ನೋ ಗಲ್ಲಿ. ಲೆಬ್ಲಾಂಕ್ ಅನ್ನೋ ಕಾಫಿ ಅಂಗಡಿ, ಎದುರಿಗೆ ಸ್ನಾನದ ಮನೆ, ಅದರ ಪಕ್ಕ ಬಟ್ಟೆ ಒಗೆಯೋ ಮಷೀನುಗಳು. ಗಲ್ಲಿಯಲ್ಲಿ ಹಾಗೇ ನಡೆದರೆ ಟಕೆಮಿಯ ಕ್ಲಿನಿಕ್, ಹಳೇ ಸಾಮಾನಿನ ಅಂಗಡಿ, ಸೂಪರ್‌ಮಾರ್ಕೆಟ್, ಬ್ಯಾಟಿಂಗ್ ಸೆಂಟರ್. ಎಲ್ಲೂ ಕೈ ತಡೆಯಲಿಲ್ಲ. ಆಮೇಲೆ ಹಳೇ ಫೈನಲ್ ಫ್ಯಾಂಟಸಿ 7ನ್ನು ಹೊಸದಾಗಿ ಮಾಡಿದ ಸರಣಿಯ ಎರಡನೇ ಭಾಗ, ರೀಬರ್ತ್‌ನ ಮೊದಲ ಪ್ರದೇಶಕ್ಕೆ ಬಂದೆ, ಅದೇ ಆ ಹಸಿರು ಬಯಲು. ಕಾಮ್ ಪಟ್ಟಣ ಬರೆದೆ. ಚೊಕೊಬೊ ಅನ್ನೋ ಸವಾರಿ ಹಕ್ಕಿಗಳನ್ನು ಸಾಕೋ ಬಿಲ್‌ನ ಫಾರ್ಮ್ ಬರೆದೆ. ಕೆಳಗೆ ಜೌಗು ನೆಲ ಬರೆದೆ. ಇವುಗಳ ಮಧ್ಯೆ ಏನಿತ್ತು? ಹುಲ್ಲಿತ್ತು. ಗೋಪುರಗಳಿದ್ದವು. ಎಷ್ಟಿದ್ದವು, ಎಲ್ಲೆಲ್ಲಿದ್ದವು, ದೇವರಾಣೆ ಗೊತ್ತಿಲ್ಲ.

ರೀಬರ್ತ್ ನನಗೆ ಇಷ್ಟವಾಗದ ಆಟ ಅಲ್ಲ. ತುಂಬಾ ಇಷ್ಟಪಟ್ಟು ಆಡಿದ್ದೇನೆ. ಯೊಂಗೆನ್-ಜಾಯಕ್ಕಿಂತ ಆ ಬಯಲು ನೂರಾರು ಪಟ್ಟು ದೊಡ್ಡದು. ಹಾಗಿದ್ದ ಮೇಲೆ ದೊಡ್ಡದು ಮರೆತು ಚಿಕ್ಕದು ಯಾಕೆ ಉಳಿಯಿತು? ಇದು ತಲೆಯಲ್ಲಿ ಕೊರೆಯುತ್ತಲೇ ಇದೆ. ಯಾರಿಗಾದರೂ ಹೊಸ ಗೇಮ್ ತೋರಿಸಿದರೆ ಮೊದಲು ಬರೋ ಪ್ರಶ್ನೆಯೇ ‘ಮ್ಯಾಪ್ ಎಷ್ಟು ದೊಡ್ಡದು?’ ಅನ್ನೋದು. ಎರಡನೆಯದು ‘ಓಪನ್ ವರ್ಲ್ಡಾ?’, ಅಂದರೆ ಬೇಕಾದ ಕಡೆ ಬೇಕಾದಾಗ ಹೋಗಬಹುದಾ ಅಂತ. ಜಪಾನಿನ ರೋಲ್ ಪ್ಲೇಯಿಂಗ್ ಗೇಮ್‌ಗಳ (ಜೆಆರ್‌ಪಿಜಿ) ವಿಷಯದಲ್ಲಿ ಈ ಎರಡು ಪ್ರಶ್ನೆಗಳಿಂದ ಏನೂ ತಿಳಿಯೋದಿಲ್ಲ ಅಂತ ನನಗೆ ಅನಿಸೋಕೆ ಶುರುವಾಗಿದೆ.

ನೀರಿನಾಚೆಯ ಕೋಟೆ

ಓಪನ್ ವರ್ಲ್ಡ್ ಅನ್ನೋದು ಜೆಆರ್‌ಪಿಜಿಗಳಿಗೆ ಪಶ್ಚಿಮದಿಂದ ತಡವಾಗಿ ಬಂದ ಫ್ಯಾಷನ್ ಅಂತ ಹೇಳೋರು ಜಾಸ್ತಿ. 1986ರ ಡ್ರ್ಯಾಗನ್ ಕ್ವೆಸ್ಟ್ ತೆಗೆದು ನೋಡಿ. ಇಡೀ ಆಟ ನಿಂಟೆಂಡೊದ ಹಳೇ ಕನ್ಸೋಲ್ ಫ್ಯಾಮಿಕಾಮ್‌ನ 64 ಕಿಲೋಬೈಟ್ ಕಾರ್ಟ್ರಿಜ್‌ನಲ್ಲಿ ಕೂತಿದೆ. ಇವತ್ತು ನಾವು ವಾಟ್ಸಾಪ್‌ನಲ್ಲಿ ಕಳಿಸೋ ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ಭಾರ. ರಾಜನ ಹತ್ತಿರ ಮಾತಾಡಿ ಅರಮನೆಯಿಂದ ಹೊರಗೆ ಕಾಲಿಟ್ಟರೆ, ನೀರಿನ ಆಚೆ ದಡದಲ್ಲೇ ಖಳನಾಯಕನ ಕೋಟೆ ಕಾಣುತ್ತದೆ. ಆಟದ ಕೊನೆಯ ಜಾಗ, ಆಟದ ಮೊದಲ ನಿಮಿಷದಲ್ಲೇ. ನಾಲ್ಕು ಹೆಜ್ಜೆ ಅಷ್ಟೇ ದೂರ. ಆದರೆ ಮಧ್ಯೆ ನೀರಿದೆ, ಸೇತುವೆ ಇಲ್ಲ. ಆ ನಾಲ್ಕು ಹೆಜ್ಜೆ ದಾಟೋಕೆ ಇಡೀ ಲೋಕ ಸುತ್ತಿ ಬರಬೇಕು.

ಈ ಆಟ ರೂಪಿಸಿದ ಯೂಜಿ ಹೊರಿಯಿ ಮಾಡಿದ ಇನ್ನೊಂದು ಜಾಣತನ ಸೇತುವೆಗಳದ್ದು. ಎಲ್ಲಿಗೆ ಬೇಕಾದರೂ ಹೋಗು, ಯಾರೂ ತಡೆಯೋದಿಲ್ಲ. ಆದರೆ ಸೇತುವೆ ದಾಟಿದರೆ ಎದುರಾಗೋ ರಾಕ್ಷಸರು ಜೋರಾಗುತ್ತಾರೆ. ಎರಡೇಟಿಗೆ ಸತ್ತಾಗ ‘ಓ, ಇದು ನನಗೀಗ ಅಲ್ಲ’ ಅಂತ ನೀವೇ ವಾಪಸ್ ಬರುತ್ತೀರಿ. ಬೇಲಿ ಹಾಕಿಲ್ಲ, ಬೋರ್ಡ್ ಹಾಕಿಲ್ಲ. 2022ರಲ್ಲಿ ಎಲ್ಡನ್ ರಿಂಗ್ ಬಂದಾಗ ಎಲ್ಲಿಂದ ನೋಡಿದರೂ ಕಾಣೋ ಆ ಚಿನ್ನದ ಮರವನ್ನೂ, ಬಾಗಿಲು ತೆರೆದು ಹೊರಗೆ ಬಂದ ಕೂಡಲೇ ಎದುರಾಗೋ ಕುದುರೆ ಸವಾರನನ್ನೂ ಎಲ್ಲರೂ ಹೊಗಳಿದರು. ಹೊಗಳಬೇಕಾದ್ದೇ. ಆದರೆ ಮೂವತ್ತೈದು ವರ್ಷ ಹಿಂದಿನ ಕೋಟೆ, ಸೇತುವೆಗಳ ಲೆಕ್ಕವೇ ಅದು.

ಜೌಗಿನಲ್ಲಿ ಒಂದು ನೆರಳು

1997ರ ಫೈನಲ್ ಫ್ಯಾಂಟಸಿ 7 ನಾನು ಆಡಿದ್ದು ಅದು ಬಂದು ಬಹಳ ವರ್ಷದ ಮೇಲೆ, ಅಣ್ಣನ ಗೆಳೆಯ ಬಿಟ್ಟು ಹೋದ ಪ್ಲೇಸ್ಟೇಷನ್‌ನಲ್ಲಿ. ಮಿಡ್ಗರ್ ಅನ್ನೋ ಕಬ್ಬಿಣದ ನಗರದೊಳಗೆ ಗಂಟೆಗಟ್ಟಲೆ ಸುತ್ತಿದ ಮೇಲೆ ಹೊರಗೆ ಬಂದರೆ ಒಂದು ದೊಡ್ಡ ಭೂಪಟ. ಅದರ ಮೇಲೆ ನಾಯಕ ಕ್ಲೌಡ್ ನಿಂತಿದ್ದಾನೆ, ಹೆಚ್ಚುಕಮ್ಮಿ ಒಂದು ಊರಿನಷ್ಟೇ ದೊಡ್ಡವನಾಗಿ. ಈಗಿನ ಹುಡುಗರಿಗೆ ಇದು ನಗು ಬರಿಸುತ್ತದೆ. ನಮಗೆ ಆಗ ಏನೂ ಅನಿಸಿರಲಿಲ್ಲ. ಯಕ್ಷಗಾನದಲ್ಲಿ ವೇಷಧಾರಿ ಪ್ರಯಾಣ ಕುಣಿತ ಕುಣಿದು ರಂಗಸ್ಥಳಕ್ಕೆ ಒಂದು ಸುತ್ತು ಬಂದರೆ ಅರಮನೆ ಬಿಟ್ಟವನು ಕಾಡು ಸೇರಿದ ಅಂತ ಒಪ್ಪಿಕೊಂಡು ನೋಡುತ್ತೇವಲ್ಲ, ಹಾಗೇ ಇದೂ. ಎಷ್ಟು ಕಿಲೋಮೀಟರ್ ಅಂತ ಯಾರೂ ಎದ್ದು ನಿಂತು ಕೇಳೋದಿಲ್ಲ.

ಆ ಭೂಪಟದಲ್ಲಿ ಫಾರ್ಮ್ ದಾಟಿ ದಕ್ಷಿಣಕ್ಕೆ ಹೋದರೆ ಜೌಗು. ನೀರಿನ ಕೆಳಗೆ ಉದ್ದಕ್ಕೆ ಒಂದು ಕಪ್ಪು ನೆರಳು ಹರಿದಾಡುತ್ತಿರುತ್ತದೆ. ಮಿಡ್ಗರ್ ಜೋಲಂ ಅನ್ನೋ ದೈತ್ಯ ಹಾವು. ಕಾಲ್ನಡಿಗೆಯಲ್ಲಿ ಹೋದರೆ ಅದು ಬೆನ್ನಟ್ಟಿ ಬರುತ್ತದೆ, ಮುಟ್ಟಿತೋ ಕಥೆ ಮುಗಿಯಿತು, ಆ ಹೊತ್ತಿಗೆ ನಮ್ಮ ಲೆವೆಲ್ ಏನಕ್ಕೂ ಸಾಲದು. ಚೊಕೊಬೊ ಹಿಡಿದು ಅದರ ಮೇಲೆ ಕೂತು ದಾಟಬೇಕು. ಹಾಗೆ ಎದೆ ಹಿಡಿದುಕೊಂಡು ಆಚೆ ದಡ ಸೇರಿದರೆ, ಅಲ್ಲೊಂದು ಅಂಥದ್ದೇ ಹಾವು. ಮರಕ್ಕೆ ಚುಚ್ಚಿ ನೇತುಹಾಕಿದೆ. ನಾವು ಯಾವುದನ್ನು ಕಂಡು ಓಡಿ ಬಂದೆವೋ ಅದನ್ನು ಒಬ್ಬ ಹೀಗೆ ಮಾಡಿ ಮುಂದೆ ಹೋಗಿದ್ದಾನೆ. ಖಳನಾಯಕ ಸೆಫಿರಾತ್ ಎಂಥವನು ಅಂತ ಹೇಳೋಕೆ ಆಟಕ್ಕೆ ಇನ್ನೊಂದು ಮಾತು ಬೇಕಾಗಲಿಲ್ಲ. ಅವತ್ತು ಟಿವಿ ಮುಂದೆ ಕೂತಿದ್ದ ಮೂರೂ ಜನ ಬಾಯಿ ಮುಚ್ಚಿಕೊಂಡು ಅದನ್ನೇ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನೋಡಿ, ಆ ಜೌಗು ನೆಲ ಎಷ್ಟಿತ್ತು? ನಾಲ್ಕು ಬೆರಳಗಲ. ಮಸುಕು ಬಣ್ಣದ ಒಂದಿಷ್ಟು ಪಾಲಿಗನ್. ಅದೇ ಜಾಗ ರೀಬರ್ತ್‌ನಲ್ಲಿ ನಿಜವಾದ ಜೌಗು, ಹುಲ್ಲಿನ ಒಂದೊಂದು ಎಳೆಯೂ ಕಾಣುತ್ತದೆ. ಹಾವಿನ ಜೊತೆ ಭರ್ಜರಿ ಕಾಳಗವೂ ಇದೆ. ಕಾಳಗ ಇದೆ ಅಂದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ಬಾಸ್ ಬಂದ, ಹೊಡೆದೆವು, ಮುಂದೆ ಹೋದೆವು.

‘ಇವತ್ತಿಗೆ ಸಾಕು, ಮಲಗು’

ಪರ್ಸೋನಾ 5 ಜಪಾನಿನಲ್ಲಿ 2016ರಲ್ಲಿ, ಬೇರೆ ಕಡೆ 2017ರಲ್ಲಿ ಬಂತು. ಅದರ ಸ್ಟೈಲ್ ಬಗ್ಗೆ ಬರೆಯದವರೇ ಇಲ್ಲ. ಕೆಂಪು, ಕಪ್ಪು, ಬಿಳಿ. ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಹಾಗಿರೋ ಅಕ್ಷರಗಳು. ಮೆನು ತೆಗೆದರೆ ನಾಯಕ ಜೋಕರ್ ಒಂದೊಂದು ಪುಟಕ್ಕೂ ಒಂದೊಂದು ಭಂಗಿಗೆ ಹೊರಳುತ್ತಾನೆ. ಕಾಳಗದಲ್ಲಿ ಉದ್ದ ಪಟ್ಟಿಯೊಳಗೆ ಕೆಳಗೆ ಮೇಲೆ ಹುಡುಕಬೇಕಿಲ್ಲ, ಒಂದು ಬಟನ್‌ಗೆ ಒಂದು ಕೆಲಸ, ಒತ್ತಿದರೆ ಆಯಿತು. ಗೆದ್ದ ಮೇಲೆ ಅಂಕ ತೋರಿಸೋ ಪರದೆಯಲ್ಲೂ ಅವನು ನಡೆಯುತ್ತಲೇ ಇರುತ್ತಾನೆ. ಚಂದ, ಒಪ್ಪಿದೆ. ಆದರೆ ಹೊಗಳೋರು ಅದನ್ನು ಅಲಂಕಾರ ಅಂತ ಹೊಗಳುತ್ತಾರೆ, ಅಲ್ಲಿ ನನಗೆ ತಕರಾರು. ಈ ಆಟದ ಟೋಕಿಯೊ ನಿಂತಿರೋದೇ ಆ ಸ್ಟೈಲ್ ಮೇಲೆ.

ಅಳೆದರೆ ಆ ಟೋಕಿಯೊ ಬಹಳ ಚಿಕ್ಕದು. ಶಿಬುಯಾದ ಒಂದು ಚೌಕ, ಒಂದು ಬೀದಿ, ನೆಲದಡಿಯ ಸ್ಟೇಷನ್ ದಾರಿ. ಶಿಂಜುಕುವಿನ ಒಂದು ಬೀದಿ. ಸೆತಾಗಯಾ ಕಡೆಯ ಸಾಂಗೆನ್‌ಜಾಯ ನೋಡಿ ಮಾಡಿದ ನಮ್ಮ ಗಲ್ಲಿ. ಮಧ್ಯೆ ಏನೂ ಇಲ್ಲ. ಆ ‘ಏನೂ ಇಲ್ಲ’ವನ್ನು ತುಂಬೋದು ರೈಲು. ಕಪ್ಪು ನೆರಳಿನ ಜನ, ರೈಲಿನ ಸದ್ದು, ಎರಡು ಸೆಕೆಂಡ್ ಲೋಡಿಂಗ್. ಬೇರೆ ಆಟದಲ್ಲಿ ಲೋಡಿಂಗ್ ಅಂದರೆ ಕಾಯೋದು. ಇಲ್ಲಿ ಅದು ಸ್ಕೂಲಿಗೆ ಹೋಗೋದು. ಶುರುವಿನ ದಿನಗಳಲ್ಲಿ ಶಿಬುಯಾ ಸ್ಟೇಷನ್‌ನಲ್ಲಿ ಗಿಂಜಾ ಲೈನ್ ಎಲ್ಲಿದೆ ಅಂತ ನೀವೇ ಹುಡುಕಬೇಕು. ಬಾಣದ ಗುರುತು ಕೊಡದೆ ಮೆಟ್ಟಿಲು ಹತ್ತಿಸಿ ಇಳಿಸಿ ಸುತ್ತಿಸುತ್ತದೆ. ಹಳ್ಳಿಯಿಂದ ಬಂದ ಹುಡುಗನಿಗೆ ಆಗೋ ಗಾಬರಿ ಆಡೋರಿಗೂ ಆಗಲಿ ಅಂತ. ಆಮೇಲೆ ಆ ದಾರಿ ಬಾಯಿಪಾಠ. ಕೆಲವು ಬೆಳಿಗ್ಗೆ ಅದೃಷ್ಟಕ್ಕೆ ರೈಲಿನಲ್ಲಿ ಸೀಟು ಸಿಗುತ್ತದೆ, ಚೀಲದಲ್ಲಿರೋ ಪುಸ್ತಕ ತೆಗೆದು ಓದಬಹುದು. ಡ್ರ್ಯಾಗನ್ ಕೊಂದಾಗಲೂ ಆಗದ ಖುಷಿ ನನಗೆ ಆ ಸೀಟು ಸಿಕ್ಕಾಗ ಆಗಿದೆ.

ಎಲ್ಲದರ ಮೇಲೆ ಕ್ಯಾಲೆಂಡರ್. ಏಪ್ರಿಲ್‌ನಲ್ಲಿ ಶುರು, ಒಂದೊಂದೇ ದಿನ. ಸಂಜೆ ಒಂದು ಕೆಲಸ, ರಾತ್ರಿ ಒಂದು ಕೆಲಸ. ಕೆಟ್ಟವರ ಮನಸ್ಸಿನೊಳಗಿನ ‘ಅರಮನೆ’ಗೆ ನುಗ್ಗಿ ಬಂದ ರಾತ್ರಿ ಹೊರಗೆ ಹೋಗೋಣ ಅಂದರೆ ಮೊರ್ಗಾನಾ ಅನ್ನೋ ಬೆಕ್ಕು ‘ಇವತ್ತಿಗೆ ಸಾಕು, ಮಲಗು’ ಅಂತ ತಡೆಯುತ್ತದೆ. ಲೋಕದಾದ್ಯಂತ ಆಟಗಾರರು ಆ ಬೆಕ್ಕನ್ನು ಬೈದಿದ್ದಾರೆ, ನಾನೂ ಬೈದಿದ್ದೇನೆ. ಆದರೆ ಅದು ತಡೆದದ್ದಕ್ಕೇ ನಾಳೆಯ ಸಂಜೆಗೆ ಬೆಲೆ ಬಂತು. ಮಳೆ ಬಂದರೆ ಶಿಬುಯಾದ ಹೋಟೆಲಿನಲ್ಲಿ ಕೂತು ಓದಿದ್ದು ಜಾಸ್ತಿ ತಲೆಗೆ ಹತ್ತುತ್ತದೆ. ಹಾಗಾಗಿ ಮಳೆ ಬಂತು ಅಂದರೆ ಕಾಲು ತಾನಾಗಿ ಅಲ್ಲಿಗೆ ಹೋಗುತ್ತದೆ. ಒಂದೇ ಗಲ್ಲಿಗೆ ಚಳಿಯಲ್ಲಿ, ಸೆಖೆಯಲ್ಲಿ, ಬೇರೆ ಬೇರೆ ಮನಸ್ಥಿತಿಯಲ್ಲಿ ಮತ್ತೆ ಮತ್ತೆ ವಾಪಸ್ ಬರುತ್ತೀರಿ. ನಿರ್ದೇಶಕ ಕಟ್ಸುರಾ ಹಶಿನೋ ತಂಡ ಜಾಗ ದೊಡ್ಡದು ಮಾಡಲಿಲ್ಲ, ವರ್ಷ ಉದ್ದ ಮಾಡಿತು. ಕೊನೆಗೆ ಊರು ಬಿಡೋ ಮುಂಚೆ ಒಬ್ಬೊಬ್ಬರಿಗೂ ಹೋಗಿ ಬರ್ತೀನಿ ಅಂತ ಹೇಳಿ ಬರೋ ದಿನ ಇದೆಯಲ್ಲ, ಆಗ ಗೊತ್ತಾಗುತ್ತದೆ ಅದು ಎಷ್ಟು ದೊಡ್ಡ ಊರಾಗಿತ್ತು ಅಂತ.

(ಇದೇ ಕೆಲಸವನ್ನು ಇನ್ನೊಂದು ದಾರಿಯಲ್ಲಿ ಮಾಡಿದ್ದು ಯಾಕುಜಾ ಸರಣಿ. ಟೋಕಿಯೊದ ಕಬುಕಿಚೋ ನೋಡಿ ಮಾಡಿದ ಕಮುರೋಚೋ, 2005ರಿಂದ ಆಟದಿಂದ ಆಟಕ್ಕೆ ಅವೇ ಬೀದಿಗಳು. 1988ರಲ್ಲಿ ನಡೆಯೋ ಕಥೆಯಲ್ಲಿ ಮಿಲೇನಿಯಂ ಟವರ್ ಇನ್ನೂ ಇಲ್ಲ, ಅದು ಮುಂದೆ ಏಳಬೇಕಾದ ಜಾಗದಲ್ಲಿರೋ ಚೂರು ಖಾಲಿ ನೆಲಕ್ಕೇ ಹೊಡೆದಾಟ. ಮುಂದಿನ ಆಟಗಳನ್ನು ಆಡಿದವರಿಗೆ ಆ ಖಾಲಿ ನೆಲ ನೋಡಿದರೇ ಮೈ ಜುಂ ಅನ್ನುತ್ತದೆ. 2020ರಲ್ಲಿ ಈ ಸರಣಿ ಪೂರ್ತಿ ಜೆಆರ್‌ಪಿಜಿ ಆಯಿತು. ಹೊಸ ನಾಯಕ ಇಚಿಬಾನ್‌ಗೆ ಡ್ರ್ಯಾಗನ್ ಕ್ವೆಸ್ಟ್ ಹುಚ್ಚು. ಸುಮ್ನೆ ಹೇಳಿದೆ.)

ಗೋಪುರ ಹತ್ತೋ ಕೆಲಸ

ಹಾಗಾದರೆ ದೊಡ್ಡ ಬಯಲು ಮಾಡೋದೇ ತಪ್ಪಾ? ಅಲ್ಲ. ತೊಂದರೆ ಬರೋದು ಆಟದ ಸ್ಟೈಲ್ ಒಂದು ಕಡೆ, ಬಯಲು ಇನ್ನೊಂದು ಕಡೆ ಆದಾಗ. ರೀಬರ್ತ್‌ನಲ್ಲಿ ಕಾಳಗ ನೋಡಿ, ಹಾಡು ಕೇಳಿ, ಪಾತ್ರಗಳ ಮಾತು ಕೇಳಿ, ಒಂದೊಂದರಲ್ಲೂ ಅವರದೇ ಛಾಪು ಇದೆ. ಬಯಲಿಗೆ ಬಂದ ಕೂಡಲೇ ಕೆಲಸ ಹಚ್ಚೋ ಸಂಶೋಧಕ ಹುಡುಗ ಚಾಡ್ಲಿ ಫೋನ್ ಮಾಡುತ್ತಾನೆ. ಗೋಪುರ ಚಾಲೂ ಮಾಡು, ಮ್ಯಾಪ್ ಮೇಲೆ ಗುರುತುಗಳು ಮೂಡುತ್ತವೆ, ಒಂದೊಂದಕ್ಕೂ ಹೋಗು, ಟಿಕ್ ಹಾಕು. ಮುಗಿಯಿತು ಅನ್ನೋಷ್ಟರಲ್ಲಿ ಮತ್ತೆ ಚಾಡ್ಲಿ. ಈ ಗೋಪುರದ ಪದ್ಧತಿ ಪಶ್ಚಿಮದ ಆಟಗಳಲ್ಲಿ ಸವೆದು ಹೋದದ್ದು. ಬಯಲು ನೋಡೋ ಬದಲು ಕಣ್ಣು ಪೂರ್ತಿ ಗುರುತಿನ ಮೇಲೇ ಇರುತ್ತದೆ. ನನ್ನ ನಕ್ಷೆಯಲ್ಲಿ ಆ ಮಧ್ಯದ ಜಾಗ ಖಾಲಿ ಉಳಿದದ್ದು ಅದಕ್ಕೇ. ನಾನು ಅಲ್ಲಿ ನೋಡಿದ್ದು ಐಕಾನ್‌ಗಳನ್ನು, ನೆಲವನ್ನಲ್ಲ. ಹಾಗೆ ನೋಡಿದರೆ ಎಲ್ಲರೂ ಶಾಪ ಹಾಕೋ ಗೊಂಗಾಗಾದ ಕಾಡು ನನಗೆ ಚೆನ್ನಾಗಿ ನೆನಪಿದೆ. ಅಣಬೆ ಮೇಲಿಂದ ಅಣಬೆಗೆ ಹಾರುತ್ತಾ, ಮ್ಯಾಪ್ ನೋಡಿದರೂ ದಾರಿ ಸಿಗದೆ, ಕಂಟ್ರೋಲರ್ ಎಸೆಯಬೇಕು ಅನಿಸಿತ್ತು.

2016ರ ಫೈನಲ್ ಫ್ಯಾಂಟಸಿ 15 ಇದಕ್ಕಿಂತ ವಿಚಿತ್ರ. ಆಟವಾಗಿ ನೋಡಿದರೆ ರೀಬರ್ತ್‌ಗಿಂತ ಕಳಪೆ, ಅರ್ಧಕ್ಕೆ ಬಿಟ್ಟ ಹಾಗಿದೆ. ಮೊದಲರ್ಧ ಬಯಲು, ಎರಡನೇ ಅರ್ಧ ರೈಲು ಹತ್ತಿಸಿ ಓಣಿಯೊಳಗೆ ತಳ್ಳುತ್ತದೆ. ಆದರೂ ಅದರ ರಸ್ತೆಗಳು ನನಗೆ ಮರೆತಿಲ್ಲ. ಕೆಟ್ಟು ನಿಂತ ಕಾರನ್ನು ನಾಲ್ಕು ಜನ ಗೆಳೆಯರು ಬಿಸಿಲಲ್ಲಿ ತಳ್ಳೋದರಿಂದ ಆಟ ಶುರು. ಕತ್ತಲಾದರೆ ದೊಡ್ಡ ದೊಡ್ಡ ಪಿಶಾಚಿಗಳು ಏಳುತ್ತವೆ, ಹಾಗಾಗಿ ಸಂಜೆ ಆಗುತ್ತಿದ್ದ ಹಾಗೆ ಎಲ್ಲಿ ತಂಗೋದು ಅಂತ ಯೋಚನೆ. ದಿನವಿಡೀ ಗಳಿಸಿದ ಅನುಭವದ ಅಂಕ ಲೆಕ್ಕಕ್ಕೆ ಬರೋದೇ ಮಲಗಿದ ಮೇಲೆ. ಡೇರೆ ಹಾಕುತ್ತೇವೆ, ಇಗ್ನಿಸ್ ಅಡುಗೆ ಮಾಡುತ್ತಾನೆ, ಆ ಅಡುಗೆ ನೋಡಿ ನಮಗೇ ಹಸಿವಾಗುತ್ತದೆ. ಪ್ರಾಂಪ್ಟೊ ಅವತ್ತು ತೆಗೆದ ಫೋಟೋಗಳನ್ನು ತೋರಿಸುತ್ತಾನೆ. ಯಾವುದು ಇಟ್ಟುಕೊಳ್ಳೋದು ಅಂತ ನಾವು ಆರಿಸಬೇಕು. ಅರ್ಧ ಫೋಟೋದಲ್ಲಿ ಯಾರದೋ ಮೊಣಕೈ ಅಡ್ಡ ಬಂದಿರುತ್ತದೆ. (ಇನ್ನು ಮುಗಿಸದವರು ಮುಂದಿನ ಸಾಲು ಬಿಟ್ಟುಬಿಡಿ.) ಆಟದ ಕೊನೆಯಲ್ಲಿ ನಾಯಕ ನಾಕ್ಟಿಸ್ ಆ ಫೋಟೋಗಳಲ್ಲಿ ಒಂದೇ ಒಂದನ್ನು ಜೊತೆಗೆ ಒಯ್ಯುತ್ತಾನೆ, ಆರಿಸೋದು ನೀವು. ನಾನು ಆರಿಸಿದ್ದು ಯಾವ ರಾಕ್ಷಸನದ್ದೂ ಅಲ್ಲ, ಪೆಟ್ರೋಲ್ ಬಂಕ್ ಹತ್ತಿರ ಮೂವರು ಸುಮ್ಮನೆ ನಿಂತಿದ್ದ ಫೋಟೋ. ಬಯಲಿಗೂ ಸ್ಟೈಲಿಗೂ ಆ ಕ್ಯಾಮೆರಾ ಸೇತುವೆ ಹಾಕಿತ್ತು.

ದೊಡ್ಡದೇ ಸ್ಟೈಲ್ ಆದಾಗ

ಇಲ್ಲಿಯ ತನಕ ಓದಿದವರು ‘ಹಾಗಾದರೆ ಚಿಕ್ಕದೇ ಚಂದ ಅಂತೀಯಾ?’ ಅಂತ ಕೇಳಬಹುದು. ಹಾಗೆ ಹೇಳೋಕೆ ಜೆನೊಬ್ಲೇಡ್ ಆಟಗಳನ್ನು ಮಾಡೋ ಮೊನೊಲಿತ್ ಸಾಫ್ಟ್ ಕಂಪನಿ ಬಿಡೋದಿಲ್ಲ.

ಜೆನೊಬ್ಲೇಡ್ ಕ್ರಾನಿಕಲ್ಸ್ ವೀ ಕನ್ಸೋಲ್‌ಗೆ 2010ರಲ್ಲಿ ಬಂತು. ನಾನು ಆಡಿದ್ದು 2020ರ ಸ್ವಿಚ್ ಆವೃತ್ತಿ. ನಿಂಟೆಂಡೊ ಇಲ್ಲಿ ನೇರವಾಗಿ ಮಾರುತ್ತಿರಲಿಲ್ಲ, ದುಬೈನಿಂದ ಬಂದ ನೆಂಟರ ಸೂಟ್‌ಕೇಸಿನಲ್ಲಿ ಸ್ವಿಚ್ ತರಿಸೋದೇ ಒಂದು ಸೈಡ್ ಕ್ವೆಸ್ಟ್ ಆಗಿತ್ತು. ಕಥೆ ನಡೆಯೋದು ನಿಂತಲ್ಲೇ ಹೆಣವಾದ ಇಬ್ಬರು ದೈತ್ಯರ ಮೈಮೇಲೆ. ಸರಣಿಯ ರೂವಾರಿ ಟೆಟ್ಸುಯಾ ತಕಹಾಶಿಗೆ ಈ ಯೋಚನೆ ಬಂದಾಗ ತಂಡದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಆ ಇಬ್ಬರು ದೈತ್ಯರ ಮಾಡೆಲ್ ಅನ್ನು ಕೈಯಲ್ಲೇ ಮಾಡಿ ನೋಡಿದ್ದು. ಅದರ ಫಲ ಗೌರ್ ಬಯಲಿನಲ್ಲಿ ಕಾಣುತ್ತದೆ. ಗುಹೆ, ಇಕ್ಕಟ್ಟು ದಾರಿ ಎಲ್ಲ ದಾಟಿ ದೈತ್ಯನ ಕಾಲಿನ ಮೇಲೆ ಹೊರಬಂದರೆ ಕಣ್ಣು ಹಾಯಿಸಿದಷ್ಟೂ ಹುಲ್ಲು, ಆ ಪ್ರಸಿದ್ಧ ಗಿಟಾರ್ ಹಾಡು ಶುರುವಾಗುತ್ತದೆ. ತಲೆ ಎತ್ತಿ ನೋಡಿದರೆ ಅವನದೇ ಮೈ ಮೇಲಕ್ಕೆ ಹೋಗುತ್ತಲೇ ಇದೆ. ಮುಂದೆ ನಾವು ಹೋಗಬೇಕಾದ ಊರುಗಳೆಲ್ಲ ಅಲ್ಲಿ ಮೇಲೆಲ್ಲೋ ಇವೆ. ಮತ್ತೆ ಅದೇ 1986ರ ಕೋಟೆ.

ಆ ಬಯಲಿನಲ್ಲಿ ನನ್ನ ಲೆವೆಲ್ ಹತ್ತೋ ಹನ್ನೆರಡೋ ಇದ್ದಾಗ ಒಂದು ದೊಡ್ಡ ಗೊರಿಲ್ಲಾ ಆರಾಮಾಗಿ ನಡೆದು ಬಂತು. ರಾಟ್‌ಬಾರ್ಟ್. ತಲೆ ಮೇಲೆ ಲೆವೆಲ್ 81 ಅಂತ ಬರೆದಿತ್ತು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಹೆಂಡತಿ ‘ಪ್ರಿಂಟ್ ತಪ್ಪಾಗಿದೆಯಾ?’ ಅಂದಳು. ಅಷ್ಟರಲ್ಲಿ ಅದು ಒಂದು ಏಟು ಕೊಟ್ಟಿತು. ಆಮೇಲಿಂದ ಆ ದಾರಿಯಲ್ಲಿ ಹೋದಾಗಲೆಲ್ಲ ಮೊದಲು ನಿಂತು ಅದು ಎಲ್ಲಿದೆ ಅಂತ ನೋಡೋದು, ಬಂಡೆ ಮರೆಯಲ್ಲಿ ಸರಿಯೋದು, ಅದು ಬೆನ್ನು ತಿರುಗಿಸಿದಾಗ ಓಡೋದು. ಹೀಗಾಗಿ ಅಲ್ಲಿಯ ಬಂಡೆಗಳು ನನಗೆ ಗೊತ್ತು. ಯಾವ ಐಕಾನೂ ಕಲಿಸದ ಭೂಗೋಳವನ್ನು ಆ ಗೊರಿಲ್ಲಾ ಕಲಿಸಿತು. ಇದೇ ಕಂಪನಿ ನಿಂಟೆಂಡೊದ ಜೆಲ್ಡಾ ಆಟ ಬ್ರೆತ್ ಆಫ್ ದಿ ವೈಲ್ಡ್‌ಗೂ ಕೈಜೋಡಿಸಿತ್ತು. ಆ ಆಟದಲ್ಲಿ ಬೆಟ್ಟಗಳನ್ನು ಬೇಕೆಂದೇ ತ್ರಿಕೋನ ಆಕಾರದಲ್ಲಿ ಇಟ್ಟು, ಹತ್ತೋದಾ, ಬಳಸಿ ಹೋಗೋದಾ ಅನ್ನೋ ಆಸೆ ಹುಟ್ಟಿಸಿ, ಹಿಂದೆ ಏನನ್ನೋ ಬಚ್ಚಿಟ್ಟಿರುತ್ತಾರೆ. ಅದು ಜೆಆರ್‌ಪಿಜಿ ಹೌದೋ ಅಲ್ಲವೋ ಅನ್ನೋ ಜಗಳಕ್ಕೆ ನಾನು ಬರೋದಿಲ್ಲ. ಬೆಟ್ಟದ ಆಕಾರದಲ್ಲೇ ಸ್ಟೈಲ್ ಇರಬಹುದು ಅನ್ನೋದಕ್ಕೆ ಸಾಕ್ಷಿ ಸಿಕ್ಕಿತು, ನನಗಷ್ಟೇ ಬೇಕಿತ್ತು.

ಹಾರೋದು ಯಾವಾಗ

ಹಳೇ ಫೈನಲ್ ಫ್ಯಾಂಟಸಿಗಳಲ್ಲಿ ಹೆಚ್ಚಿನವುಗಳಲ್ಲಿ ಹಾರೋ ಹಡಗು ಸಿಗೋದು ಆಟ ಮುಂದೆ ಹೋದ ಮೇಲೆ. ಸಿಕ್ಕ ಕೂಡಲೇ ಅಷ್ಟು ದಿನ ಕಾಲೆಳೆದುಕೊಂಡು ದಾಟಿದ ಬೆಟ್ಟ, ಕಾಡು, ಜೌಗು ಎಲ್ಲ ಕೆಳಗೆ ಸರ್ರನೆ ಹೋಗುತ್ತವೆ. ಭೂಪಟ ಚಿಕ್ಕದಾಗಿದ್ದರಿಂದ ಅದು ಸುಲಭವಾಗಿ ಆಗುತ್ತಿತ್ತು. ಹುಲ್ಲಿನ ಎಳೆ ಎಳೆಯೂ ಕಾಣೋ ಈ ಕಾಲದ ಬಯಲಿನಲ್ಲಿ ಅದನ್ನು ಮಾಡೋದು ಕಷ್ಟ. ಮೇಲಿಂದ ನೋಡಿದರೆ ಖಾಲಿ ಎಲ್ಲಿದೆ ಅನ್ನೋದು ಬಯಲಾಗಿಬಿಡುತ್ತದೆ.

ಜೆನೊಬ್ಲೇಡ್ ಕ್ರಾನಿಕಲ್ಸ್ ಎಕ್ಸ್ ಆ ಧೈರ್ಯ ಮಾಡಿತು. 2015ರಲ್ಲಿ ವೀ ಯು ಕನ್ಸೋಲ್‌ಗೆ ಬಂದು, 2025ರಲ್ಲಿ ಸ್ವಿಚ್‌ಗೂ ಬಂದ ಆಟ. ಮೀರಾ ಅನ್ನೋ ಗ್ರಹ, ಐದು ಖಂಡ. ಕಥೆ ಅಷ್ಟಕ್ಕಷ್ಟೆ, ನಗರದೊಳಗೆ ಹಾಡಿನ ಅಬ್ಬರಕ್ಕೆ ಪಾತ್ರಗಳ ಮಾತೂ ಸರಿಯಾಗಿ ಕೇಳಿಸದು. ಆದರೆ ಹತ್ತಾರು ಗಂಟೆ ಕಾಲ್ನಡಿಗೆಯಲ್ಲೇ ಓಡಾಡಿಸುತ್ತದೆ. ಮನೆಯಷ್ಟೆತ್ತರದ ಪ್ರಾಣಿಗಳ ಕಾಲಸಂದಿಯಲ್ಲಿ ನುಸುಳಿ ಹೋಗಬೇಕು. ಆಮೇಲೆ ಸ್ಕೆಲ್ ಅನ್ನೋ ದೊಡ್ಡ ರೋಬೋ ಸಿಗುತ್ತದೆ, ಅದೂ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತಗೊಂಡ ಮೇಲೆ. ಹಾರೋ ಯಂತ್ರ ಸಿಗೋಕೆ ಇನ್ನೂ ಎಷ್ಟೋ ಹೊತ್ತು. ಕಡೆಗೂ ಹಾರಿದಾಗ ಕೆಳಗೆ ಕಾಣೋ ಒಂದೊಂದು ಕಂದರವೂ ಗುರುತಿನದು. ಇಲ್ಲಿ ಬಿದ್ದಿದ್ದೆ, ಅಲ್ಲಿ ಅಡಗಿದ್ದೆ, ಆ ಬಂಡೆಯ ತುದಿ ಹತ್ತಲಾಗದೆ ಬಿಟ್ಟಿದ್ದೆ. ಮೊದಲೇ ರೆಕ್ಕೆ ಕೊಟ್ಟಿದ್ದರೆ ಇದೆಲ್ಲ ಬರೀ ವಾಲ್‌ಪೇಪರ್ ಆಗಿರುತ್ತಿತ್ತು.

ಅದಕ್ಕೇ ಈಗ ನನ್ನ ಕಣ್ಣು ಫೈನಲ್ ಫ್ಯಾಂಟಸಿ 7ರ ಮೂರನೇ ಭಾಗದ ಮೇಲಿದೆ. 1997ರ ಕಥೆಯ ಪ್ರಕಾರ ಆ ಭಾಗದಲ್ಲಿ ಹೈವಿಂಡ್ ಹಡಗು ಹಾರಲೇಬೇಕು. ರೀಬರ್ತ್‌ನಲ್ಲಿ ನಾನು ಐಕಾನ್ ನೋಡುತ್ತಾ ಓಡಿದ ಅದೇ ಬಯಲಿನ ಮೇಲಿಂದ ಹಾರುವಾಗ ನನಗೆ ಏನು ಗುರುತು ಸಿಗುತ್ತದೋ ನೋಡಬೇಕು. ಗೊಂಗಾಗಾ ಅಂತೂ ಸಿಗುತ್ತದೆ, ಅಲ್ಲಿ ಬೈದ ಬೈಗುಳ ಹಾಗಿತ್ತು. ಉಳಿದದ್ದಕ್ಕೆ ನನ್ನದು ಒಂದೇ ಬೇಡಿಕೆ: ಆ ಹಡಗಿನಲ್ಲಾದರೂ ಚಾಡ್ಲಿಯ ಫೋನ್‌ಗೆ ಸಿಗ್ನಲ್ ಸಿಗದಿರಲಿ.